0.2 ಮೈಕ್ರಾನ್ ಆಳದ ಅಯಾನ್ ಇಂಪ್ಲಾಂಟೇಷನ್‌ನಿಂದ ಟೈಟಾನಿಯಂ ಸವೆಯುವುದು ನಿಜವಾಗಿಯೂ ಕಡಿಮೆಯಾಗುತ್ತದೆಯೇ?

ನಿಮ್ಮ ಟೈಟಾನಿಯಂ ಮಿಶ್ರಲೋಹದ ಶಾಫ್ಟ್ ಬೇಗ ಸವೆಯುತ್ತಿದೆ. ಅದರ ಮೇಲೆ ಹಾಕಿಸಿದ ನೈಟ್ರೈಡ್ ಕೋಟಿಂಗ್ (ಗಟ್ಟಿ ಲೇಪನ) ಎರಡು ಸಲ ಎದ್ದು ಬಂದಿದೆ. ಈಗ ಅಯಾನ್ ಇಂಪ್ಲಾಂಟೇಷನ್ ಮಾಡಿಸಿ ಅಂತಿದ್ದಾರೆ, ಆದರೆ ಕೋಟಿಂಗ್‌ಗಿಂತ ಹತ್ತು ಪಟ್ಟು ತೆಳುವಾದದ್ದು ಉಳಿಯುವುದು ಹೇಗೆ ಅನ್ನುವುದು ನಿಮ್ಮ ಪ್ರಶ್ನೆ, ಅಲ್ವಾ?

ಕೆಲವು ವರ್ಷ ಇದೇ ಕೆಲಸ ಮಾಡಿದ್ದೇನೆ. ನಾನು ಹೇಳುವುದಿಷ್ಟೇ, ಇದನ್ನು ಕೋಟಿಂಗ್ ಜೊತೆ ಹೋಲಿಸಬೇಡಿ. ಇದು ಬಣ್ಣ ಬಳಿದ ಹಾಗಲ್ಲ, ಬಟ್ಟೆಗೆ ಕರೆ ಹಿಡಿದ ಹಾಗೆ. ನಿರ್ವಾತದಲ್ಲಿ ನೈಟ್ರೋಜನ್ ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಇರುವ ಕಣಗಳನ್ನು, ಸುಮಾರು 100 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಲೋಹದೊಳಕ್ಕೆ ನುಗ್ಗಿಸುತ್ತೇವೆ. ದಾರಿಯಲ್ಲಿ ಸಿಕ್ಕ ಪರಮಾಣುಗಳಿಗೆ ಡಿಕ್ಕಿ ಹೊಡೆದು, ಅವನ್ನು ಜಾಗ ಬಿಡಿಸಿ, ಓಟ ಮುಗಿದಲ್ಲೇ ಈ ಅಯಾನುಗಳು ನಿಂತುಬಿಡುತ್ತವೆ. ಮೇಲೆ ಅಂಟಿಸಿದ್ದು ಏನೂ ಇಲ್ಲ, ಹಾಗಾಗಿ ಎದ್ದು ಬರುವ ಮಾತೂ ಇಲ್ಲ. ಶಾಫ್ಟ್ ಅಳತೆಯೂ ಬದಲಾಗುವುದಿಲ್ಲ.

ಎಷ್ಟು ನೈಟ್ರೋಜನ್ ಸೇರುತ್ತದೆ ಗೊತ್ತಾ? ಚದರ ಸೆಂಟಿಮೀಟರಿಗೆ 2×10¹⁷ ಅಯಾನು ಹಾಕಿದೆವು ಅನ್ನಿ. ಅದು 0.2 ಮೈಕ್ರಾನ್ ಆಳದಲ್ಲಿ ಹರಡಿದರೆ ಘನ ಸೆಂಟಿಮೀಟರಿಗೆ 10²² ಆಯಿತು. ಅಷ್ಟೇ ಜಾಗದಲ್ಲಿ ಟೈಟಾನಿಯಂ ಪರಮಾಣುಗಳು ಸುಮಾರು 5.7×10²² ಇರುತ್ತವೆ. ಅಂದರೆ ಐದಾರಕ್ಕೆ ಒಂದು! ಕುಲುಮೆಯ ಬಿಸಿಯಿಲ್ಲದೆ ಇಷ್ಟು ಸೇರಿಸಬಹುದು ಅನ್ನುವುದು ನನಗೆ ಇವತ್ತಿಗೂ ದೊಡ್ಡ ವಿಷಯ.

ಇನ್ನು ತೆಳುವಿನ ಮಾತು. ಟೈಟಾನಿಯಂ ಸವೆಯಲು ಶುರುವಾಗುವುದೇ ಮೇಲ್ಮೈಯ ಆಕ್ಸೈಡ್ ಪೊರೆ ಒಡೆದಾಗ. ಪೊರೆ ಹೋದರೆ ಬರೀ ಲೋಹ ಎದುರಿನ ಮೈಗೆ ಕಚ್ಚಿಕೊಳ್ಳುತ್ತದೆ, ಕಿತ್ತು ಪುಡಿಯಾಗುತ್ತದೆ. ಆ ಪುಡಿ ಮತ್ತಷ್ಟು ಕೆರೆಯುತ್ತದೆ. ನೈಟ್ರೋಜನ್ ಸೇರಿದ ಮೈಯಲ್ಲಿ ಟೈಟಾನಿಯಂ ನೈಟ್ರೈಡಿನ ಸಣ್ಣ ಸಣ್ಣ ಕಣಗಳು ಹುಟ್ಟಿ, ಲೋಹದ ಒಳಪದರಗಳು ಒಂದರ ಮೇಲೊಂದು ಜಾರದಂತೆ ಹಿಡಿಯುತ್ತವೆ. ಕೆಳಗಿನ ನೆಲ ಗಟ್ಟಿಯಾದ್ದರಿಂದ ಪೊರೆ ಸುಲಭಕ್ಕೆ ಒಡೆಯುವುದಿಲ್ಲ. ಮೊದಲ ಗಾಯವೇ ಆಗದಂತೆ ತಡೆಯಲು ತೆಳು ಪದರವೂ ಸಾಕು. ಪ್ಲಾಸ್ಟಿಕ್ ಮೇಲೆ ಉಜ್ಜುವ ಕೃತಕ ಕೀಲುಗಳಿಗೆ ಇದನ್ನು ಬಳಸಿರುವುದು ಇದಕ್ಕೇ.

ಆದರೆ ಮರಳು, ಗಟ್ಟಿ ಪುಡಿ ಸಿಕ್ಕಿಕೊಳ್ಳುವ ಕಡೆ ಸುಮ್ನೆ ದುಡ್ಡು ದಂಡ. ಒಂದೇ ಗೀರು 0.2 ಮೈಕ್ರಾನ್ ದಾಟುತ್ತದೆ. ಭಾರ ಜಾಸ್ತಿಯಿದ್ದರೂ ಕೆಳಗಿನ ಮೆತ್ತನೆಯ ಲೋಹ ತಗ್ಗುತ್ತದೆ.

ಇನ್ನೊಂದು ಮುಖ್ಯ ಸಂಗತಿ, ಅಯಾನುಗಳು ನೇರಕ್ಕೇ ಹೋಗುತ್ತವೆ. ಒಮ್ಮೆ ನಾವು ಒಂದು ಬುಷ್‌ಗೆ (ಶಾಫ್ಟ್ ಕೂರುವ ಕೊಳವೆಯಂಥ ಭಾಗ) ಮಾಡಿದೆವು. ಹೊರಮೈ ಚೆನ್ನಾಗಿ ಬಂತು, ಆದರೆ ಉಜ್ಜುವುದು ಒಳಮೈ. ಅಲ್ಲಿಗೆ ಅಯಾನು ತಲುಪಿರಲೇ ಇಲ್ಲ. ಒಂದು ವಾರದ ಕೆಲಸ ಹೋಯಿತು, ತುಂಬಾ ಬೇಸರವಾಯಿತು. ನಿಮ್ಮದು ಶಾಫ್ಟ್, ಹಾಗಾಗಿ ಅದನ್ನು ತಿರುಗಿಸುತ್ತಾ ಮಾಡುತ್ತಾರೆಯೇ ಕೇಳಿ. ಗುಂಡಗಿನ ಮೈಯ ಬದಿಗೆ ಓರೆಯಾಗಿ ಬಿದ್ದ ಅಯಾನು ಒಳಗೆ ಹೋಗುವುದಕ್ಕಿಂತ ಮೇಲಿನ ಲೋಹವನ್ನೇ ಕೆರೆದು ಹಾರಿಸುವುದು ಜಾಸ್ತಿ. 1980ರ ದಶಕದ ಕೊನೆಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಾನ್ ಕಾನ್ರಾಡ್ ತಂಡ ವಸ್ತುವನ್ನೇ ಪ್ಲಾಸ್ಮಾದಲ್ಲಿ (ಅಯಾನುಗಳಿರುವ ಅನಿಲದಲ್ಲಿ) ಮುಳುಗಿಸಿ, ಅದಕ್ಕೆ ಹೈ ವೋಲ್ಟೇಜ್ ಪಲ್ಸ್ ಕೊಡುವ ದಾರಿ ತೋರಿಸಿತು. ಸುತ್ತಲಿಂದಲೂ ಅಯಾನು ಬರುವುದರಿಂದ ಗುಂಡಗಿನ ವಸ್ತುವಿಗೆ ಅದು ಅನುಕೂಲ.

ನಿಮ್ಮ ಶಾಫ್ಟ್ ಯಾವುದರ ಮೇಲೆ ಉಜ್ಜುತ್ತದೆ? ಎಣ್ಣೆ ಇದೆಯೇ? ಎದುರಿಗೆ ಪ್ಲಾಸ್ಟಿಕ್ ಇದ್ದು ಧೂಳು ಇಲ್ಲದಿದ್ದರೆ ಧೈರ್ಯವಾಗಿ ಮಾಡಿಸಿ. ಧೂಳು ಇದ್ದರೆ, ಬಿಸಿ ಮಾಡಿ ನೈಟ್ರೋಜನನ್ನು ಇನ್ನೂ ಆಳಕ್ಕೆ ಇಳಿಸುವ ಪ್ಲಾಸ್ಮಾ ನೈಟ್ರೈಡಿಂಗ್ ಕಡೆ ನೋಡಿ.