ಹ್ಯಾಂಕ್ ಮೋಬ್ಲಿ ಅಷ್ಟು ಚೆನ್ನಾಗಿ ನುಡಿಸಿದ್ರೂ ಯಾಕೆ ಹೆಸರು ಬರ್ಲಿಲ್ಲ?

ಮೋಬ್ಲಿ ಹುಟ್ಟಿದ್ದು 1930ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ, ನುಡಿಸ್ತಿದ್ದಿದ್ದು ಟೆನರ್ ಸ್ಯಾಕ್ಸೋಫೋನ್, ಜಾಝ್ ಸಂಗೀತದ ಹೆಸರಾಂತ ತಂಡ ಜಾಝ್ ಮೆಸೆಂಜರ್ಸ್ ಶುರುವಾದಾಗ್ಲೇ ಅದರಲ್ಲಿದ್ರು. ಹೆಸರು ಬರದೇ ಇರೋಕೆ ನನ್ನ ಪ್ರಕಾರ ಮುಖ್ಯ ಕಾರಣ ಇನ್ನೊಬ್ಬ ದೊಡ್ಡ ಸ್ಯಾಕ್ಸೋಫೋನ್ ವಾದಕ ಜಾನ್ ಕಾಲ್ಟ್ರೇನ್ ಕಾಲದಲ್ಲೇ ಇದ್ದಿದ್ದು. 1961ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ನುಡಿಸ್ತಿದ್ದಾಗ ಜನ ಕಾಲ್ಟ್ರೇನ್ ಜೊತೆ ಹೋಲಿಸಿ ನೋಡಿದ್ರು, ಇವರದ್ದು ಅಬ್ಬರ ಇಲ್ಲದ ದುಂಡಗಿನ ನಾದ, ತಾಳಕ್ಕೆ ಸ್ವಲ್ಪ ಹಿಂದೆ ಆರಾಮಾಗಿ ಬರೋ ನಡೆ, ಆವೇಶ ಹುಡುಕೋರಿಗೆ ಅದು ಸಪ್ಪೆ ಅನ್ನಿಸ್ತು. ದಯವಿಟ್ಟು 1960ರ ಸೋಲ್ ಸ್ಟೇಷನ್ ಆಲ್ಬಮ್ ಕೇಳಿ, ಮೊದಲ ಹಾಡು ರಿಮೆಂಬರ್‌ನಲ್ಲಿ ಪಕ್ಕ ಕೂತು ಮಾತಾಡ್ದಂಗೆ ನುಡಿಸ್ತಾರೆ, ಹಿಂದೆ ಆರ್ಟ್ ಬ್ಲೇಕಿ ಡ್ರಮ್ಸ್, ಒಂದು ಸ್ವರಾನೂ ಜಾಸ್ತಿ ಅನ್ಸಲ್ಲ. ನಡುವೆ ಡ್ರಗ್ಸ್ ಕೇಸಲ್ಲಿ ಜೈಲು, ಆಮೇಲೆ ಶ್ವಾಸಕೋಶದ ಕಾಯಿಲೆ, 70ರ ದಶಕದ ಮಧ್ಯಕ್ಕೆ ನುಡಿಸೋದೇ ಹೆಚ್ಚುಕಮ್ಮಿ ನಿಂತೋಯ್ತು. 1986ರಲ್ಲಿ ತೀರ್ಕೊಂಡ್ರು, ಬರೀ 55 ವರ್ಷ.