ಸಂವೇಗ (ಮೊಮೆಂಟಮ್), ಇಂಪಲ್ಸ್ ಎರಡಕ್ಕೂ ಯೂನಿಟ್ ಒಂದೇ ಅಲ್ವಾ? ಮತ್ತೆ ಎರಡು ಹೆಸರು ಯಾಕೆ?

ಯೂನಿಟ್ ಒಂದೇ ಅನ್ನೋದು ನಿಜ. ನ್ಯೂಟನ್-ಸೆಕೆಂಡ್ ಬಿಡಿಸಿ ಬರೆದರೆ ಕೆಜಿ ಮೀಟರ್ ಪ್ರತಿ ಸೆಕೆಂಡೇ ಸಿಗುತ್ತದೆ. ಓದುವ ದಿನಗಳಲ್ಲಿ ಇದೇ ಪ್ರಶ್ನೆ ನನ್ನನ್ನೂ ತುಂಬಾ ಕಾಡಿತ್ತು. ಕೊನೆಗೆ ಬಗೆಹರಿದದ್ದು ನೀರಿನ ತೊಟ್ಟಿಯನ್ನು ನೆನೆಸಿಕೊಂಡಾಗ. ತೊಟ್ಟಿಯಲ್ಲಿ ಇರುವ ನೀರಿಗೂ ಲೀಟರ್ ಲೆಕ್ಕ, ಈಗ ತಂದು ಸುರಿದ ನೀರಿಗೂ ಲೀಟರ್ ಲೆಕ್ಕ. ಆದರೆ ಎರಡೂ ಒಂದೇ ಅಲ್ಲ.

ಸಂವೇಗ ಅಂದರೆ ಈ ಕ್ಷಣ ವಸ್ತುವಿನಲ್ಲಿ ಇರುವುದು. ಅದರ ರಾಶಿಯನ್ನು ವೇಗದಿಂದ ಗುಣಿಸಿದರೆ ಸಿಗುತ್ತದೆ. ಇಂಪಲ್ಸ್ ಅಂದರೆ ಹೊರಗಿನ ಬಲ ಒಂದಷ್ಟು ಹೊತ್ತು ತಳ್ಳಿ ಅದಕ್ಕೆ ಸೇರಿಸಿದ್ದು, ಇಲ್ಲವೇ ತಡೆದು ಕಳೆದಿದ್ದು. ಬಲವನ್ನು ಸಮಯದಿಂದ ಗುಣಿಸಿದರೆ ಅದು ಬರುತ್ತದೆ. ಹಾಗಾಗಿ ‘ಈ ಚೆಂಡಿನಲ್ಲಿ ಎಷ್ಟು ಇಂಪಲ್ಸ್ ಇದೆ’ ಅಂತ ಕೇಳಿದರೆ ಅರ್ಥವೇ ಇಲ್ಲ. ಬ್ಯಾಟು ಚೆಂಡಿಗೆ ಎಷ್ಟು ಇಂಪಲ್ಸ್ ಕೊಟ್ಟಿತು ಅಂತ ಕೇಳಬೇಕು.

ಈಗ ಕ್ಯಾಚ್ ಹಿಡಿಯೋಣ. ಕ್ರಿಕೆಟ್ ಚೆಂಡು ಸುಮಾರು 160 ಗ್ರಾಂ ಇರುತ್ತದೆ. ಅದು ಸೆಕೆಂಡಿಗೆ 25 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 90 ಕಿ.ಮೀ. ವೇಗದಲ್ಲಿ ಬರುತ್ತಿದೆ ಅಂದುಕೊಳ್ಳಿ. ಸಂವೇಗ 0.16 × 25 = 4. ನಿಲ್ಲಿಸಬೇಕಾದರೆ ಆ 4 ಪೂರ್ತಿ ಕಳೆಯಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಎಷ್ಟು ಹೊತ್ತಿನಲ್ಲಿ ಕಳೆಯಬೇಕು ಅನ್ನೋದು ನಿಮ್ಮ ಕೈಯಲ್ಲೇ ಇದೆ. ಕೈ ಬಿಗಿಹಿಡಿದು 0.01 ಸೆಕೆಂಡಿನಲ್ಲಿ ನಿಲ್ಲಿಸಿದರೆ ಅಂಗೈ ಮೇಲೆ ಸರಾಸರಿ 4 ÷ 0.01 = 400 ನ್ಯೂಟನ್ ಬಲ ಬೀಳುತ್ತದೆ. ಚೆಂಡಿನ ಜೊತೆ ಕೈಯನ್ನೂ ಹಿಂದಕ್ಕೆ ಎಳೆದುಕೊಂಡು 0.1 ಸೆಕೆಂಡ್ ತೆಗೆದುಕೊಂಡರೆ ಬರೀ 40. ನಾನು ಮೊದಮೊದಲು ಕೈ ಬಿಗಿಹಿಡಿದೇ ಕ್ಯಾಚ್ ಹಿಡಿಯುತ್ತಿದ್ದೆ. ಅಂಗೈ ಕೆಂಪಗಾಗಿ ಉರಿಯುತ್ತಿತ್ತು. ಈ ಲೆಕ್ಕ ಮಾಡಿದ ದಿನ ಕಾರಣ ತಿಳಿದು ಎಷ್ಟು ಖುಷಿಯಾಯಿತೋ! ಕಾರಿನ ಏರ್‌ಬ್ಯಾಗ್ ಮಾಡುವುದೂ ಇದನ್ನೇ, ನಿಲ್ಲುವ ಹೊತ್ತನ್ನು ಹೆಚ್ಚಿಸಿ ಬಲ ಕಡಿಮೆ ಮಾಡುತ್ತದೆ.

ಅಂದಹಾಗೆ, ನ್ಯೂಟನ್ 1687ರಲ್ಲಿ ತನ್ನ ಎರಡನೇ ನಿಯಮವನ್ನು ಹೇಳಿದ್ದೂ ಸಂವೇಗದ ಬದಲಾವಣೆಯ ರೂಪದಲ್ಲೇ. ಬಲ = ರಾಶಿ × ವೇಗೋತ್ಕರ್ಷ (ವೇಗ ಬದಲಾಗುವ ದರ) ಅನ್ನೋ ಸೂತ್ರ ಆಮೇಲೆ ಬಂದದ್ದು.

ಇನ್ನೊಂದು ಕಡೆ ಜಾಸ್ತಿ ಜನ ಎಡವುತ್ತಾರೆ, ಅದು ದಿಕ್ಕು. ಅದೇ ಚೆಂಡು ಗೋಡೆಗೆ ಬಡಿದು ಅಷ್ಟೇ ವೇಗದಲ್ಲಿ ವಾಪಸ್ ಬಂತು ಅನ್ನಿ. ‘ವೇಗ ಬದಲಾಗಿಲ್ಲ, ಇಂಪಲ್ಸ್ ಸೊನ್ನೆ’ ಅಂತ ಬರೆದುಬಿಡುತ್ತಾರೆ. ಆದರೆ ಸಂವೇಗಕ್ಕೆ ದಿಕ್ಕೂ ಇದೆ: ಹೋಗುವಾಗ +4, ಬರುವಾಗ −4. ಬದಲಾವಣೆ 8! ಗೋಡೆಗೆ ಬಡಿದು ಅಲ್ಲೇ ಅಂಟಿಕೊಂಡ, ಅಷ್ಟೇ ರಾಶಿಯ, ಅಷ್ಟೇ ವೇಗದ ಮಣ್ಣಿನುಂಡೆಗಾದರೆ 4 ಸಾಕು. ವಾಪಸ್ ಬರುವ ಚೆಂಡಿನ ಲೆಕ್ಕದಲ್ಲಿ ನಿಮ್ಮ ಉತ್ತರ ಸೊನ್ನೆ ಬರುತ್ತಿದ್ದರೆ ಮೊದಲು ಆ ಮೈನಸ್ ಹಾಕಿದ್ದೀರಾ ನೋಡಿ.