ತಪ್ಪಿಸಲಾಗದ ಕೆಲಸಕ್ಕೆ ಕೊನೆಯ ವಿಮಾನ ಹಿಡಿಯಬೇಡಿ

ನಿಮ್ಮ ಪ್ರಶ್ನೆ: "ಹೊಸ ಕೆಲಸದಲ್ಲಿ ತಿಂಗಳಿಗೆ ನಾಲ್ಕೈದು ಸಲ ವಿಮಾನದಲ್ಲಿ ಓಡಾಡಬೇಕಂತೆ. ಆಗಾಗ ಓಡಾಡುವವರು ಎಂಥ ತೊಂದರೆಗೆ ಸಿಕ್ಕಿಕೊಂಡಿದ್ದೀರಿ? ಮೊದಲೇ ತಿಳಿದಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದು ಯಾವುದು?"

ನಾನು ಸರ್ವಿಸ್ ಎಂಜಿನಿಯರ್. ಯಾವುದೋ ಊರಿನ ಕಾರ್ಖಾನೆಯಲ್ಲಿ ಮಷೀನು ನಿಂತರೆ ನಾನು ಹೊರಡಬೇಕು. ಹನ್ನೆರಡು ವರ್ಷದಿಂದ ತಿಂಗಳಿಗೆ ಏನಿಲ್ಲವೆಂದರೂ ಐದಾರು ಸಲ ದೇವನಹಳ್ಳಿ ದಾರಿ ಹಿಡಿಯುತ್ತೇನೆ. ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಏಕೆಂದರೆ ಅದು ಇವತ್ತಿಗೂ ನನ್ನ ಮನಸ್ಸು ಕೊರೆಯುತ್ತದೆ. ತಪ್ಪಿಸಲಾಗದ ಕೆಲಸ ಇದ್ದಾಗ ಆ ದಿನದ ಕೊನೆಯ ವಿಮಾನಕ್ಕೆ ಟಿಕೆಟ್ ಮಾಡಿಸಬೇಡಿ.

ಅಪ್ಪ ತೀರಿಕೊಂಡು ವರ್ಷವಾಗಿತ್ತು. ಜನವರಿ ತಿಂಗಳು. ತಿಪಟೂರಿನ ಹತ್ತಿರದ ನಮ್ಮೂರಿನಲ್ಲಿ ವರ್ಷದ ತಿಥಿ, ನಾನು ಹಿರೀಮಗ. ಹಿಂದಿನ ದಿನ ಗಾಜಿಯಾಬಾದಿನಲ್ಲಿ ಕೆಲಸವಿತ್ತು. ಸಂಜೆ ಅದನ್ನು ಮುಗಿಸಿ, ದೆಹಲಿಯಿಂದ ರಾತ್ರಿ ಒಂಬತ್ತೂವರೆಯ ವಿಮಾನ ಹಿಡಿದರೆ ಹನ್ನೆರಡೂವರೆಗೆ ಬೆಂಗಳೂರು, ಅಲ್ಲಿಂದ ಕಾರಿನಲ್ಲಿ ಹೊರಟರೆ ಕೋಳಿ ಕೂಗುವಷ್ಟರಲ್ಲಿ ಊರು ಎಂದು ಲೆಕ್ಕ ಹಾಕಿದ್ದೆ. ಒಂದು ದಿನದ ರಜೆ ಉಳಿಯುತ್ತದೆ ಎಂಬ ಆಸೆ. ಒಂಬತ್ತೂವರೆ ಹೋಗಿ ಹತ್ತೂವರೆಯಾಯಿತು, ಆಮೇಲೆ ಹನ್ನೊಂದೂಮುಕ್ಕಾಲು. ರಾತ್ರಿ ಒಂದು ಗಂಟೆಗೆ, ಪೈಲಟ್‌ಗಳ ಡ್ಯೂಟಿ ಸಮಯ ಮುಗಿಯಿತು, ವಿಮಾನ ರದ್ದು ಅಂದರು. ಬೆಳಗ್ಗೆ ಏಳರ ವಿಮಾನದಲ್ಲಿ ಸೀಟು ಕೊಟ್ಟರು. ಅಷ್ಟರಲ್ಲಿ ರನ್‌ವೇ ತುಂಬ ಮಂಜು ಕವಿದು, ಹೊರಟಿದ್ದು ಹತ್ತೂವರೆ ದಾಟಿದ ಮೇಲೆ.

ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ನನ್ನ ತಮ್ಮನೇ ಪಿಂಡ ಇಟ್ಟಾಗಿತ್ತು, ನೆಂಟರು ಊಟ ಮಾಡಿ ಹೊರಟಾಗಿತ್ತು. ಅಮ್ಮ ನನ್ನ ಪಾಲಿನ ವಡೆ, ಪಾಯಸ ಮುಚ್ಚಿಟ್ಟು ಕೂತಿದ್ದಳು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹೀಗೇಕಾಗುತ್ತದೆ ಎಂದು ಆಮೇಲೆ ಕೂತು ತಿಳಿದುಕೊಂಡೆ. ನಮ್ಮ ದೇಶದೊಳಗೆ ಹಾರುವ ಒಂದೊಂದು ವಿಮಾನವೂ ದಿನಕ್ಕೆ ಐದಾರು ಸುತ್ತು ಹೊಡೆಯುತ್ತದೆ. ಬೆಳಗ್ಗೆ ಲಕ್ನೋ, ಅಲ್ಲಿಂದ ದೆಹಲಿ, ಅಲ್ಲಿಂದ ಪಟ್ನಾ, ಮತ್ತೆ ದೆಹಲಿ, ಹೀಗೆ. ಇಳಿದು, ಜನರನ್ನು ಇಳಿಸಿ, ಹತ್ತಿಸಿ ಮತ್ತೆ ಹೊರಡಲು ಅದಕ್ಕೆ ಸಿಗುವುದು ಅರ್ಧ ಮುಕ್ಕಾಲು ಗಂಟೆ. ಬೆಳಗಿನ ಸುತ್ತಿನಲ್ಲಿ ಒಂದೂವರೆ ಗಂಟೆ ಕಳೆದುಹೋದರೆ ಅದನ್ನು ಹಿಂದಕ್ಕೆ ಪಡೆಯಲು ಜಾಗವೇ ಇಲ್ಲ. ತಡ ಕೂಡುತ್ತಾ ಹೋಗಿ ರಾತ್ರಿಯ ವಿಮಾನದ ತಲೆ ಮೇಲೆ ಬೀಳುತ್ತದೆ. ಪೈಲಟ್‌ಗಳು ದಿನಕ್ಕೆ ಇಷ್ಟೇ ಗಂಟೆ ಕೆಲಸ ಮಾಡಬೇಕೆಂಬ ನಿಯಮ ಬೇರೆ ಇದೆ. ಅದು ನಮ್ಮ ಪ್ರಾಣಕ್ಕಾಗಿ ಮಾಡಿದ ನಿಯಮ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಮಿತಿ ಮುಟ್ಟುವುದು ಹೆಚ್ಚಾಗಿ ರಾತ್ರಿಯ ವಿಮಾನದಲ್ಲೇ. ಅದು ರದ್ದಾದರೆ ಅದರ ಹಿಂದೆ ಬೇರೆ ವಿಮಾನ ಇರುವುದಿಲ್ಲ.

ಹಾಗಾದರೆ ಬೆಳಗಿನ ಮೊದಲ ವಿಮಾನವೇ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ವರ್ಷದ ಹೆಚ್ಚಿನ ಕಾಲಕ್ಕೆ ಅದು ನಿಜ, ಏಕೆಂದರೆ ಆ ವಿಮಾನ ಸಾಮಾನ್ಯವಾಗಿ ಹಿಂದಿನ ರಾತ್ರಿಯೇ ಬಂದು ಅಲ್ಲೇ ನಿಂತಿರುತ್ತದೆ. ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ದೆಹಲಿ, ಲಕ್ನೋ, ಚಂಡೀಗಢ, ಅಮೃತಸರ, ವಾರಾಣಸಿ ಕಡೆ ಮಾತ್ರ ಈ ಲೆಕ್ಕ ತಿರುಗಿಬೀಳುತ್ತದೆ. ಅಲ್ಲಿ ಮಂಜು ಮಧ್ಯರಾತ್ರಿಯ ನಂತರ ಕವಿದು ಬೆಳಗ್ಗೆ ಒಂಬತ್ತು, ಹತ್ತಕ್ಕೆ ಎದ್ದೇಳುತ್ತದೆ. ದಟ್ಟ ಮಂಜಿನಲ್ಲಿ ಇಳಿಯಲು ರನ್‌ವೇಯಲ್ಲಿ ಅದಕ್ಕೆ ತಕ್ಕ ಉಪಕರಣ, ಅದಕ್ಕೆ ಒಗ್ಗುವ ವಿಮಾನ, ತರಬೇತಿ ಪಡೆದ ಪೈಲಟ್ ಮೂರೂ ಬೇಕು. ಮೂರೂ ಇದ್ದರೂ ಒಂದು ವಿಮಾನಕ್ಕೂ ಇನ್ನೊಂದಕ್ಕೂ ಹೆಚ್ಚು ಅಂತರ ಬಿಡಬೇಕಾಗುತ್ತದೆ, ಸಾಲು ಬೆಳೆಯುತ್ತದೆ. ಆ ಒಂದೂವರೆ ತಿಂಗಳು ನಾನು ಉತ್ತರದಿಂದ ಹೊರಡುವುದು ಮಧ್ಯಾಹ್ನ ಹನ್ನೆರಡರಿಂದ ಮೂರರ ನಡುವಿನ ವಿಮಾನದಲ್ಲಿ. ನಮ್ಮ ದೇವನಹಳ್ಳಿಯಲ್ಲೂ ನವೆಂಬರಿನಿಂದ ಚಳಿಗಾಲದ ಬೆಳಗಿನ ಜಾವ ಮಂಜು ಬೀಳುತ್ತದೆ. ಅಲ್ಲಿಂದ ಆರು ಗಂಟೆಗೆ ಹೊರಟು ಹತ್ತಕ್ಕೆ ಇನ್ನೊಂದು ಊರಿನಲ್ಲಿ ಮೀಟಿಂಗ್ ಎಂದು ಒಪ್ಪಿಕೊಳ್ಳಬೇಡಿ.

ಹೊರಡುವ ದಿನ ನಿಮ್ಮ ವಿಮಾನ ಎಲ್ಲಿಂದ ಬರಬೇಕು, ಈಗ ಎಲ್ಲಿದೆ ಎಂದು ಫ್ಲೈಟ್‌ರೇಡಾರ್24ರಂಥ ಆ್ಯಪಿನಲ್ಲಿ ನೋಡಿ. ಬೋರ್ಡಿನ ಮೇಲೆ 'ಸಮಯಕ್ಕೆ ಸರಿಯಾಗಿದೆ' ಎಂದಿದ್ದರೂ ಆ ವಿಮಾನ ಇನ್ನೂ ಪಟ್ನಾದಿಂದ ಎದ್ದಿಲ್ಲವೆಂದರೆ ನಿಮಗೆ ಗೊತ್ತಾಗಿಬಿಡುತ್ತದೆ. ಉಳಿದವರು ಕೌಂಟರಿಗೆ ಓಡುವ ಮೊದಲೇ ನೀವು ಬೇರೆ ಸೀಟು ಕೇಳಬಹುದು.

ಹುಬ್ಬಳ್ಳಿ, ಬೆಳಗಾವಿ ಕಡೆಯವರು ಬೆಂಗಳೂರಿನಲ್ಲಿ ವಿಮಾನ ಬದಲಿಸುವಾಗ ಎರಡೂ ಪ್ರಯಾಣವನ್ನು ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ, ಮಾಡಿಸಿ. ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಕ್ಕೆ ಕಳಿಸುವ ಹೊಣೆ ವಿಮಾನ ಕಂಪನಿಯದು. ಐನೂರು ರೂಪಾಯಿ ಉಳಿಸಲು ಎರಡು ಬೇರೆ ಬೇರೆ ಟಿಕೆಟ್ ಕೊಂಡರೆ ಎರಡನೆಯ ಕಂಪನಿಯ ಲೆಕ್ಕದಲ್ಲಿ ನೀವು ಸುಮ್ಮನೆ ಬಾರದ ಪ್ರಯಾಣಿಕ, ಅಷ್ಟೆ. ಹಾಗೆ ತಪ್ಪಿಹೋದ ಟಿಕೆಟಿನಲ್ಲೂ ಸರ್ಕಾರಿ ತೆರಿಗೆ, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ವಾಪಸ್ ಬರಬೇಕು. ಕೇಳಿ ಪಡೆಯಿರಿ.

ಈಗ ಹಣದ ವಿಷಯ. ವಿಮಾನ ರದ್ದಾದರೆ ನಿಮಗೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಎರಡರಲ್ಲೊಂದು ಸಿಗಲೇಬೇಕು, ಆಯ್ಕೆ ನಿಮ್ಮದು. ವಿಮಾನಯಾನವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದ ಪ್ರಕಾರ 24 ಗಂಟೆ ಮುಂಚೆ ತಿಳಿಸದೆ ರದ್ದು ಮಾಡಿದರೆ ಅದರ ಮೇಲೆ ಪರಿಹಾರವೂ ಇದೆ. ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000, ಎರಡು ಗಂಟೆಯವರೆಗೆ 7,500, ಅದಕ್ಕೂ ಹೆಚ್ಚಿನದಕ್ಕೆ 10,000 ರೂಪಾಯಿ, ಇಲ್ಲವೇ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ, ಎರಡರಲ್ಲಿ ಕಡಿಮೆ ಯಾವುದೋ ಅದು. ಮಂಜು, ಮಳೆ, ಏರ್ ಟ್ರಾಫಿಕ್ ಕಂಟ್ರೋಲಿನ ಕಾರಣವಾದರೆ ಪರಿಹಾರ ಇಲ್ಲ. ಆದ್ದರಿಂದ ಗೇಟಿನಲ್ಲಿ ಸಿಬ್ಬಂದಿ ಯಾವ ಕಾರಣ ಹೇಳಿದರು ಎಂಬುದು ಮುಖ್ಯ. ಅದನ್ನು ಮೆಸೇಜಿನಲ್ಲೋ ಕಾಗದದಲ್ಲೋ ಕೊಡಿ ಎಂದು ಕೇಳಿ. ಬೋರ್ಡಿನ ಫೋಟೊ ತೆಗೆದುಕೊಳ್ಳಿ. ಬರೀ ತಡವಾದರೆ ಊಟ ತಿಂಡಿ ಕೊಡಬೇಕು: ಎರಡೂವರೆ ಗಂಟೆಯೊಳಗಿನ ಹಾರಾಟಕ್ಕೆ ಎರಡು ಗಂಟೆ ತಡವಾದಾಗ, ಬೆಂಗಳೂರು–ದೆಹಲಿಯಂಥದ್ದಕ್ಕೆ ಮೂರು ಗಂಟೆ ತಡವಾದಾಗ. ಕೇಳದಿದ್ದರೆ ಎಷ್ಟೋ ಸಲ ಕೊಡುವುದಿಲ್ಲ. ಜಗಳಕ್ಕೆ ಹೋಗುವ ಮೊದಲು ನಾಗರಿಕ ವಿಮಾನಯಾನ ಸಚಿವಾಲಯದ ದೂರಿನ ತಾಣ ಏರ್‌ಸೇವಾದಲ್ಲಿ ದೂರು ಬರೆಯಿರಿ, ಅದೂ ಸಾಲದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಆ ನಿಯಮದಲ್ಲೇ ಒಂದು ಸಣ್ಣ ಸಾಲಿದೆ. ಟಿಕೆಟ್ ಮಾಡಿಸುವಾಗ ಸರಿಯಾದ ಫೋನ್ ನಂಬರ್ ಕೊಡದವರಿಗೆ ಪರಿಹಾರ ಸಿಗುವುದಿಲ್ಲ. ನಿಮ್ಮ ಆಫೀಸಿನವರು ಏಜೆಂಟರ ಮೂಲಕ ಟಿಕೆಟ್ ಮಾಡಿಸುವುದಾದರೆ ಅಲ್ಲಿ ಏಜೆಂಟರ ನಂಬರೇ ಇರುತ್ತದೆ. ಇದರಿಂದ ನನಗಾದದ್ದು ಹೇಳುತ್ತೇನೆ.

ದೆಹಲಿಯ ಚಿಕ್ಕಮ್ಮನಿಗೆಂದು ಅಮ್ಮ ಎರಡು ಕೆಜಿ ಕೊಬ್ಬರಿ ಕಟ್ಟಿಕೊಟ್ಟಿದ್ದಳು. ತಿಪಟೂರಿನವರ ಮನೆಯಲ್ಲಿ ಕೊಬ್ಬರಿ ಕೊಡದೆ ಯಾರನ್ನೂ ಕಳಿಸುವುದಿಲ್ಲ. ನಾನು ದೊಡ್ಡ ಬ್ಯಾಗಿನ ತಳಕ್ಕೆ ಇಟ್ಟು ಚೆಕ್-ಇನ್ ಮಾಡಿದೆ. ಒಣಕೊಬ್ಬರಿ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಅದರಲ್ಲಿ ಎಣ್ಣೆ ಹೆಚ್ಚು. ಒತ್ತಾಗಿ ತುಂಬಿಟ್ಟರೆ ಗಾಳಿಯೊಡನೆ ಸೇರಿ ತಾನೇ ಬಿಸಿಯಾಗುತ್ತಾ ಹೋಗಿ ಬೆಂಕಿ ಹತ್ತಿಕೊಳ್ಳಬಹುದು. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ಸಂಖ್ಯೆಯೇ ಇದೆ. ಎಕ್ಸ್‌ರೇಯಲ್ಲಿ ಕಂಡು ಬ್ಯಾಗನ್ನು ಪಕ್ಕಕ್ಕೆ ಇಟ್ಟು, ನನ್ನ ಮುಂದೆ ತೆರೆಯಲು ಫೋನು ಮಾಡಿದ್ದಾರೆ. ಫೋನು ಹೋಗಿದ್ದು ಏಜೆಂಟರಿಗೆ, ಬೆಳಗ್ಗೆ ಐದು ಗಂಟೆಗೆ. ಯಾರು ಎತ್ತುತ್ತಾರೆ? ನಾನು ದೆಹಲಿಯಲ್ಲಿ ಬೆಲ್ಟಿನ ಮುಂದೆ ನಿಂತೆ, ಎಲ್ಲರ ಬ್ಯಾಗೂ ಬಂತು, ನನ್ನದು ಬರಲಿಲ್ಲ. ಅದರಲ್ಲಿ ನನ್ನ ಅಳತೆಯ ಉಪಕರಣಗಳಿದ್ದವು. ಕಾರ್ಖಾನೆಯಲ್ಲಿ ಇಡೀ ಒಂದು ಶಿಫ್ಟು ನಿಂತಿತು.

ಅಂದಿನಿಂದ ಎಲ್ಲ ಬುಕಿಂಗಿನಲ್ಲೂ ನನ್ನ ನಂಬರ್ ಹಾಕಿಸುತ್ತೇನೆ. ಏಜೆಂಟರು ಮರೆತರೆ ಕಂಪನಿಯ ಆ್ಯಪಿನಲ್ಲಿ ಪಿಎನ್‌ಆರ್ ಹಾಕಿ ನಾನೇ ಬದಲಿಸುತ್ತೇನೆ. ಕೆಲಸಕ್ಕೆ ಬೇಕೇ ಬೇಕಾದ ವಸ್ತು, ಮಾತ್ರೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ. ಸ್ಕ್ರೂಡ್ರೈವರ್, ಸ್ಪ್ಯಾನರ್‌ನಂಥವನ್ನು ಒಳಗೆ ಬಿಡದೆ ಇರಬಹುದು, ಅವನ್ನು ಆ ಊರಿನಲ್ಲೇ ಕೇಳಿ ಪಡೆಯುತ್ತೇನೆ. ಪವರ್ ಬ್ಯಾಂಕ್ ಇದಕ್ಕೆ ತದ್ವಿರುದ್ಧ, ಅದು ಕೈಚೀಲದಲ್ಲೇ ಇರಬೇಕು. 100 ವ್ಯಾಟ್-ಅವರ್‌ವರೆಗೆ ಅಡ್ಡಿಯಿಲ್ಲ. ಸಾಮಾನ್ಯವಾಗಿ ಸಿಗುವ 20,000 ಎಂಎಎಚ್‌ನದು 74 ವ್ಯಾಟ್-ಅವರ್ ಆಗುತ್ತದೆ.

ಬ್ಯಾಗು ಬಾರದಿದ್ದರೆ ಆ ಹಾಲ್ ಬಿಟ್ಟು ಹೊರಗೆ ಬರಬೇಡಿ, ಎಷ್ಟೇ ಅವಸರವಿದ್ದರೂ. ಅಲ್ಲೇ ಕೌಂಟರಿನಲ್ಲಿ ಪಿಐಆರ್ ಎಂಬ ವರದಿ ಬರೆಸಿ, ಹತ್ತು ಅಕ್ಷರ-ಅಂಕಿಗಳ ಸಂಖ್ಯೆ ಇಸಿದುಕೊಳ್ಳಿ. ಹೊರಗೆ ಬಂದ ಮೇಲೆ ಬ್ಯಾಗು ನಿಲ್ದಾಣದಲ್ಲೇ ಕಳೆಯಿತು ಎಂದು ತೋರಿಸುವುದು ಬಹಳ ಕಷ್ಟ. ವಿದೇಶ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ, ಭಾರತವೂ ಅದರಲ್ಲಿದೆ. ಬ್ಯಾಗು ಹಾಳಾಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. 21 ದಿನವಾದರೂ ಬರದಿದ್ದರೆ ಕಳೆದುಹೋಯಿತೆಂದು ಪರಿಹಾರ ಕೇಳಬಹುದು. 2024ರ ಡಿಸೆಂಬರ್ 28ರಿಂದ ಅದರ ಮಿತಿ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ), ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಅಷ್ಟೂ ತಾನಾಗಿ ಸಿಗುವುದಿಲ್ಲ, ಏನೇನಿತ್ತು ಎಂದು ತೋರಿಸಬೇಕು. ಬ್ಯಾಗು ಮುಚ್ಚುವ ಮೊದಲು ಒಂದು ಫೋಟೊ ತೆಗೆಯುವ ಅಭ್ಯಾಸ ಇದಕ್ಕಾಗಿಯೇ.

ಇನ್ನೊಂದು ವಿಷಯ ನಮ್ಮವರಿಗೇ ಹೆಚ್ಚು ಕಾಡುವಂಥದ್ದು: ಹೆಸರು. ನಮ್ಮ ಕಡೆ ಮನೆತನದ ಹೆಸರಿಲ್ಲ, ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಹೆಸರು. ಆಧಾರಿನಲ್ಲಿ ಇನಿಷಿಯಲ್ ಹಿಂದೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದದ್ದು, ಟಿಕೆಟಿನಲ್ಲಿ ಮತ್ತೊಂದು ರೀತಿ. ತಂಗಿಯನ್ನು ನೋಡಲು ಅಮ್ಮನನ್ನು ದುಬೈಗೆ ಕಳಿಸಲು ಹೊರಟಾಗ ಅಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿತ್ತು. 2022ರ ನವೆಂಬರಿನಿಂದ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾದ ವಿಷಯದಲ್ಲಿ ಬಿಗಿ ಮಾಡಿದೆ. ಟಿಕೆಟ್ ಕೊಂಡ ಮೇಲೆ ಇದು ತಿಳಿದು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರನ್ನು ಸರ್‌ನೇಮ್ ಆಗಿ ಸೇರಿಸಿ ಹೊಸದು ಮಾಡಿಸುವ ಹೊತ್ತಿಗೆ ಹೊರಡುವ ದಿನ ದಾಟಿತು. ನಿಮ್ಮ ಮನೆಯ ಹಿರಿಯರ ಪಾಸ್‌ಪೋರ್ಟ್ ಇವತ್ತೇ ತೆಗೆದು ನೋಡಿ. ಆ ದೇಶಕ್ಕೆ ಗಸಗಸೆಯನ್ನಂತೂ ಒಂದು ಚಮಚವೂ ಕಟ್ಟಿಕೊಡಬೇಡಿ. ನಮಗೆ ಪಾಯಸ, ಅಲ್ಲಿ ಅದು ನಿಷೇಧಿತ ವಸ್ತು, ಜೈಲು ಕಂಡವರಿದ್ದಾರೆ.

ದೆಹಲಿಗೆ ಹೋಗುವಾಗ ಟಿಕೆಟಿನಲ್ಲಿ ಟರ್ಮಿನಲ್ ಯಾವುದೆಂದು ಎರಡು ಸಲ ಓದಿ. ಅಲ್ಲಿ ಟರ್ಮಿನಲ್ 1ಕ್ಕೂ 3ಕ್ಕೂ ನಡುವೆ ಕಿಲೋಮೀಟರುಗಟ್ಟಲೆ ದೂರ. ಬೆಂಗಳೂರಿನಲ್ಲಿ ಸಂಜೆ ಮಳೆ ಬಂದರೆ ಹೆಬ್ಬಾಳ ದಾಟಲು ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ವೆಬ್ ಚೆಕ್-ಇನ್ ಆಗಿದೆಯಲ್ಲ ಎಂದು ನಿಧಾನ ಮಾಡಬೇಡಿ, ಬ್ಯಾಗು ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ.

ತಿಥಿ ಪಂಚಾಂಗದ ಪ್ರಕಾರ ಬರುವುದರಿಂದ ಅಪ್ಪನ ದಿನದ ತಾರೀಖು ಪ್ರತಿ ವರ್ಷ ಬೇರೆ. ಯುಗಾದಿಗೆ ಹೊಸ ಪಂಚಾಂಗ ಮನೆಗೆ ಬಂದ ಕೂಡಲೇ ಅಮ್ಮನಿಗೆ ಫೋನು ಮಾಡಿ ಆ ತಾರೀಖು ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ಅದಕ್ಕೆ ಹಿಂದಿನ ಎರಡು ದಿನಕ್ಕೆ ಅವತ್ತೇ ರಜೆ ಹಾಕುತ್ತೇನೆ. ಆ ಎರಡು ದಿನ ಯಾವ ಊರಿನಲ್ಲಿ ಮಷೀನು ನಿಂತರೂ ಬೇರೆಯವರು ಹೋಗುತ್ತಾರೆ.